ಮೂರಡಿ ಟ್ರಂಕು, ಎರಡೂವರೆ ಅಡಿ ಹಳಿ

ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಬೇಕು, ಅದಕ್ಕೆ ಮೊದಲು ಅಟ್ಟ ಖಾಲಿ ಮಾಡಬೇಕು, ಅದಕ್ಕೂ ಮೊದಲು ಅಟ್ಟ ಹತ್ತುವವನೊಬ್ಬ ಬೇಕು. ಅರಸೀಕೆರೆಯಿಂದ ಅತ್ತೆ ಫೋನು ಮಾಡಿದ್ದು ಇಷ್ಟಕ್ಕೆ. ಇಡೀ ದಿನ ಹಿತ್ತಾಳೆ ಪಾತ್ರೆ, ಕಾಲು ಮುರಿದ ತೊಟ್ಟಿಲು, ಮಾವನ ಹೋಲ್ಡಾಲು, ಯಾವ ಮದುವೆಯದೋ ಚಾಪೆಯ ಸುರುಳಿ, ಒಂದು ಕಪ್ಪು ಟ್ರಂಕು, ಎಲ್ಲ ಇಳಿಸಿ ಪಡಸಾಲೆಯಲ್ಲಿ ಹರಡಿದೆ. ಸಂಜೆ ಕೈಕಾಲು ತೊಳೆದು ಕಾಫಿಗೆ ಕೂತಾಗ ಅತ್ತೆ ಆಲ್ಬಮ್ಮು ತಂದು ಎದುರಿಗಿಟ್ಟರು. ಕಪ್ಪು ಹಾಳೆ, ನಡುನಡುವೆ ಬೆಣ್ಣೆ ಕಾಗದ, ಫೋಟೋಗಳ ನಾಲ್ಕು ಮೂಲೆಗೂ ಅಂಟಿಸಿದ ಪುಟ್ಟ ಕಾಗದದ ಟೊಪ್ಪಿಗೆ. ಇಂಥ ಆಲ್ಬಮ್ಮು ನೋಡುವಾಗ ಜನ ಮುಖ ನೋಡುತ್ತಾರೆ, ಯಾರು ಸತ್ತರು, ಯಾರು ದಪ್ಪಗಾದರು ಅಂತ. ನನಗೊಂದು ಕೆಟ್ಟ ಚಾಳಿ, ನಾನು ಮುಖಗಳ ಹಿಂದೆ ಏನಿದೆ ಅಂತ ನೋಡುತ್ತೇನೆ. ಹಿಂದೆ ರೈಲಿದ್ದರಂತೂ ಮುಗಿದೇ ಹೋಯಿತು.

ಒಂದರಲ್ಲಿ ಇತ್ತು. ಕಪ್ಪುಬಿಳುಪಿನ ಚೌಕ ಫೋಟೋ. ಮಂಕಿ ಕ್ಯಾಪು ಹಾಕಿದ ನಾಲ್ಕು ವರ್ಷದ ಹುಡುಗ, ಅಂದರೆ ಅತ್ತೆಯ ಮಗ, ಒಂದು ಟ್ರಂಕಿನ ಮೇಲೆ ಕೂತಿದ್ದಾನೆ. ಟ್ರಂಕು ಇರುವುದು ಪ್ಲಾಟ್‌ಫಾರಮ್ಮಿನ ಮೇಲಲ್ಲ, ಹಳಿಗಳ ಮೇಲೆ, ಕಾಲುವೆಗೆ ಅಡ್ಡ ಹಾಕಿದ ಕಲ್ಲುಚಪ್ಪಡಿಯ ಹಾಗೆ. ಅವನ ಬೆನ್ನಿಗೆ ನಾಲ್ಕು ಮಾರು ದೂರದಲ್ಲಿ ಒಂದು ಡೀಸೆಲ್ ಎಂಜಿನ್ ಎಮ್ಮೆಯ ಹಾಗೆ ಮೂತಿ ಮುಂದೆ ಮಾಡಿ ನಿಂತಿದೆ. ಈಗ ಯಾರಾದರೂ ಮಗುವನ್ನು ಹೀಗೆ ಕೂರಿಸಿ ಫೋಟೋ ತೆಗೆದರೆ ರೈಲ್ವೆ ಪೊಲೀಸರು ಅಪ್ಪನನ್ನು ಕೂರಿಸಿಕೊಳ್ಳುತ್ತಾರೆ. ಆಗ ಡ್ರೈವರೇ ಕೆಳಗಿಳಿದು ಪಕ್ಕಕ್ಕೆ ನಿಂತು ನಗುತ್ತಿದ್ದನಂತೆ. ಎಂಜಿನ್ನಿನ ಹಿಂದೆ ಏನೂ ಇಲ್ಲ, ಬರೀ ಬಿಳಿ. ಫೋಟೋ ಮಗುಚಿದರೆ ಅತ್ತೆಯ ದುಂಡು ಅಕ್ಷರದಲ್ಲಿ: ‘ಶಿಮ್ಲಾ, ಬೇಸಗೆ ರಜೆ’.

ಮಾವ ಏರ್‌ಫೋರ್ಸಿನಲ್ಲಿದ್ದರು, ಆಗ ಪಠಾಣ್‌ಕೋಟಿನಲ್ಲಿ ಪೋಸ್ಟಿಂಗು. ಅವರು ಹೋಗಿ ಎಷ್ಟೋ ವರ್ಷವಾಯಿತು, ಕೇಳುವ ಹಾಗಿಲ್ಲ. ಹುಡುಗ 1978ರಲ್ಲಿ ಹುಟ್ಟಿದವನು, ಆದ್ದರಿಂದ ಇದು 1982ರ ಬೇಸಗೆ. ಅತ್ತೆಯ ಲೆಕ್ಕವೂ ಅದೇ: “ಅದೇ ವರ್ಷ ದೀಪಾವಳಿ ಆದಮೇಲೆ ಡೆಲ್ಲೀಲಿ ಏಷ್ಯಾಡ್ ಆಯಿತಲ್ಲ, ಆ ವರ್ಷ.” ಕ್ಯಾಮೆರಾ ಆಗ್ಫಾ ಕ್ಲಿಕ್ ತ್ರೀ. ಆ ಕಾಲದ ಮಧ್ಯಮ ವರ್ಗದ ಮನೆಗಳಲ್ಲಿ ಕುಕ್ಕರಿನಷ್ಟೇ ಸಾಮಾನ್ಯವಾಗಿದ್ದ ಕಪ್ಪು ಡಬ್ಬ. ಒಂದು ರೋಲಿಗೆ ಹನ್ನೆರಡೇ ಫೋಟೋ, ಹನ್ನೆರಡೂ ಚೌಕ.

“ಯಾವ ಎಂಜಿನ್ ಇದು?” ಅಂತ ನಾನು ನನಗೇ ಕೇಳಿಕೊಂಡದ್ದು ಅತ್ತೆಗೆ ಕೇಳಿಸಿತು. “ಟಾಯ್ ಟ್ರೇನಿಂದು ಕಣೋ” ಅಂದರು. ಅವರ ಪಾಲಿಗೆ ಅಲ್ಲಿಗೆ ವಿಷಯ ಮುಗಿದಿತ್ತು.

ಭಾರತೀಯ ರೈಲ್ವೆಯಲ್ಲಿ ಎಂಜಿನ್‌ಗಳಿಗೆ ಜಾತಕ ಬರೆದವರು ಜಿಪುಣರು, ಮೂರು ಅಕ್ಷರ ಒಂದು ಅಂಕಿಯಲ್ಲಿ ಮುಗಿಸಿಬಿಟ್ಟಿದ್ದಾರೆ. ಮೊದಲ ಅಕ್ಷರ ಹಳಿಯ ಅಗಲಕ್ಕೆ: ಬ್ರಾಡ್‌ಗೇಜಿಗೆ ಡಬ್ಲ್ಯು, ಮೀಟರ್ ಗೇಜಿಗೆ ವೈ, ಎರಡೂವರೆ ಅಡಿಯ ನ್ಯಾರೋ ಗೇಜಿಗೆ ಜೆಡ್, ಎರಡೇ ಅಡಿಯದಕ್ಕೆ ಎನ್. ಎರಡನೆಯ ಅಕ್ಷರ ಡಿ ಅಂದರೆ ಡೀಸೆಲ್. ಮೂರನೆಯದು ಎಂ ಆದರೆ ಗೂಡ್ಸಿಗೂ ಸೈ, ಪ್ಯಾಸೆಂಜರಿಗೂ ಸೈ. ಕೊನೆಯ ಅಂಕಿ ಮಾದರಿಯದು. ನಮ್ಮ ಅರಸೀಕೆರೆ ಜಂಕ್ಷನ್ನಿನಲ್ಲಿ ಮೀಟರ್ ಗೇಜಿದ್ದ ಕಾಲದಲ್ಲಿ ಓಡುತ್ತಿದ್ದ ವೈಡಿಎಂ-4ರ ಹೆಸರೂ ಇದೇ ಲೆಕ್ಕದ್ದು. ಹಾಗಾಗಿ ಫೋಟೋದಲ್ಲಿನ ಎಂಜಿನ್ ಯಾವುದು ಅಂತ ಹೇಳಬೇಕಾದರೆ ಮೊದಲು ಎಂಜಿನ್ನನ್ನೇ ಬಿಟ್ಟು ಹಳಿ ಅಳೆಯಬೇಕು. ಫೋಟೋದಲ್ಲಿನ ಹಳಿ ಅಳೆಯುವುದು ಹೇಗೆ?

ಉತ್ತರ ಪಡಸಾಲೆಯಲ್ಲೇ ಬಿದ್ದಿತ್ತು. ಬೆಳಿಗ್ಗೆ ಬೈದುಕೊಂಡು ಇಳಿಸಿದ ಕಪ್ಪು ಟ್ರಂಕು! ಎಡ ಮೂಲೆಯ ತಗಡು ಒಳಕ್ಕೆ ನೆಗ್ಗಿದೆ, ಫೋಟೋದಲ್ಲೂ ಅದೇ ಮೂಲೆ ನೆಗ್ಗಿದೆ. ಅತ್ತೆಯ ಹೊಲಿಗೆ ಮೆಷಿನ್ನಿನ ಡಬ್ಬದಿಂದ ಟೇಪು ತಂದು ಹಿಡಿದೆ. ಸರಿಯಾಗಿ 36 ಇಂಚು, ಮೂರಡಿ. ಫೋಟೋದಲ್ಲಿ ಅದರ ಎರಡೂ ತುದಿ ಎರಡೂ ಹಳಿಯ ಮೇಲೆ ಕೂತು, ಒಂದು ಬೆರಳಿನಷ್ಟು ಆಚೆಗೆ ಚಾಚಿದೆ. ಹಳಿಯ ತಲೆ ಎರಡು ಇಂಚು ಅಂದುಕೊಂಡರೆ, ಎರಡೂ ಕಡೆ ಸೇರಿ ನಾಲ್ಕು. ಚಾಚಿದ್ದನ್ನೂ ಕಳೆದರೆ ಉಳಿಯುವುದು ಮೂವತ್ತರ ಆಸುಪಾಸು. ಎರಡೂವರೆ ಅಡಿ ಅಂದರೆ 30 ಇಂಚು, 762 ಮಿಲಿಮೀಟರ್. ಮೀಟರ್ ಗೇಜಾಗಿದ್ದರೆ ಟ್ರಂಕು ಹಳಿಗಳ ನಡುವೆ ಬಿದ್ದೇ ಹೋಗುತ್ತಿತ್ತು, ಹುಡುಗನ ಸಮೇತ. ಎರಡಡಿ ಹಳಿಯಾಗಿದ್ದರೆ ಎರಡೂ ಕಡೆ ಅರ್ಧರ್ಧ ಗೇಣು ಚಾಚಿಕೊಂಡಿರುತ್ತಿತ್ತು.

ಟ್ರಂಕಿನ ಒಂದೇ ಏಟಿಗೆ ದೇಶದ ಮುಕ್ಕಾಲು ಟಾಯ್ ಟ್ರೇನುಗಳು ಬಿದ್ದವು. ಊಟಿಯದು ಮೀಟರ್ ಗೇಜು. ಮುಂಬೈ ಕನ್ನಡಿಗರ ಆಲ್ಬಮ್ಮುಗಳಲ್ಲಿ ತಪ್ಪದೆ ಇರುವ ಮಾಥೆರಾನ್ ರೈಲು ಎರಡಡಿ ಹಳಿಯದು. 1907ರಲ್ಲಿ ಪೀರ್‌ಭಾಯ್ ಮನೆತನ ಕಟ್ಟಿಸಿದ ಆ ಲೈನಿಗೆ 1950ರ ದಶಕದಲ್ಲೇ ಜರ್ಮನಿಯ ಯುಂಗ್ ಕಂಪನಿಯ ಡೀಸೆಲ್ ಬಂದಿತ್ತು, ಆದರೆ ಅದು ಎನ್‌ಡಿಎಂ-1, ಎನ್ ಜಾತಿಯದು. ಡಾರ್ಜಿಲಿಂಗಿನದೂ ಎರಡಡಿಯೇ. ಅಲ್ಲಿ 2000ದವರೆಗೆ ಹೊಗೆ ಉಗಿಯುವ ಎಂಜಿನ್ ಬಿಟ್ಟು ಬೇರೆ ಇರಲೇ ಇಲ್ಲ, ಆದ್ದರಿಂದ 1982ರ ಡಾರ್ಜಿಲಿಂಗ್ ಫೋಟೋದಲ್ಲಿ ಡೀಸೆಲ್ ಇದ್ದರೆ ಫೋಟೋವನ್ನೇ ಅನುಮಾನಿಸಬೇಕು. (ಅಲ್ಲಿಗೆ ಆಮೇಲೆ ಬಂದ ಎನ್‌ಡಿಎಂ-6 ತಯಾರಾದದ್ದು ಎಲ್ಲಿ ಗೊತ್ತೇ? ನಮ್ಮ ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಅಂಡ್ ಲೋಕೋಮೋಟಿವ್ ಕಂಪನಿಯಲ್ಲಿ. ಟೈಗರ್ ಹಿಲ್ ನೋಡಿ ಬಂದು ಊರೆಲ್ಲ ಕಥೆ ಹೇಳುವ ಬೆಂಗಳೂರಿಗರಿಗೆ ತಮ್ಮನ್ನು ಮೇಲೆ ಎಳೆದದ್ದು ತಮ್ಮೂರಿನ ಎಂಜಿನ್ ಅನ್ನುವುದು ತಿಳಿದಿರುವುದಿಲ್ಲ.) ನಮ್ಮ ರಾಜ್ಯದಲ್ಲೂ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಎರಡೂವರೆ ಅಡಿ ಹಳಿ ಇತ್ತು, ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿಯದೂ ಇತ್ತು. ಆದರೆ ಮೇ ತಿಂಗಳಲ್ಲಿ ಮಂಕಿ ಕ್ಯಾಪು ಹಾಕಿಕೊಂಡು ಕೂರುವ ಊರು ಕೋಲಾರವಲ್ಲ.

ಟ್ರಂಕಿನ ಮುಚ್ಚಳ ತೆಗೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಮೇಲೆ ಮೆರೂನ್ ಬಣ್ಣದ ಒಂದು ಸ್ವೆಟರು, ಅದರ ಕೆಳಗೆ ಮಾವನ ಯೂನಿಫಾರಮ್ಮು, ತಳದಲ್ಲಿ ಸ್ಟುಡಿಯೋ ಕವರಿನೊಳಗೆ ನೆಗೆಟಿವ್‌ಗಳು. ಮೂರು ಮೂರು ಚೌಕದ ಪಟ್ಟಿಗಳು.

ಈಗ ಎಂಜಿನ್ನಿಗೆ ಬರೋಣ. ಎರಡೂವರೆ ಅಡಿ ಹಳಿ, ಡೀಸೆಲ್, ಬೆಟ್ಟದ ಚಳಿ, 1982, ಶಿಮ್ಲಾ ಅಂತ ಒಕ್ಕಣೆ. 1903ರಲ್ಲಿ ಶುರುವಾದ ಕಾಲ್ಕಾ–ಶಿಮ್ಲಾ ಲೈನಿಗೆ ಡೀಸೆಲ್ ಬಂದದ್ದು 1955ರಲ್ಲಿ. ಮೊದಲು ಬಂದದ್ದು ಯುಂಗ್ ಕಂಪನಿಯದೇ ಜೆಡ್‌ಡಿಎಂ-1. ಒಂದೇ ಎಂಜಿನ್ನಿನ ಹೊಟ್ಟೆಯಲ್ಲಿ ಎರಡು ಡೀಸೆಲ್ ಯಂತ್ರ, ತಿರುವಿನಲ್ಲಿ ಮೈ ಬಳುಕಿಸಲಿ ಅಂತ ಕೀಲು ಬೇರೆ. ಆಮೇಲೆ ಕೀಲ್ ನಗರದ ಮಾಕ್ ಕಂಪನಿಯ ಜೆಡ್‌ಡಿಎಂ-2. 1970ರಿಂದ ನಮ್ಮದೇ ಚಿತ್ತರಂಜನ್ ಕಾರ್ಖಾನೆಯ ಜೆಡ್‌ಡಿಎಂ-3 ಬಂತು. 700 ಅಶ್ವಶಕ್ತಿ, ಗಂಟೆಗೆ 50 ಕಿಲೋಮೀಟರ್ ಅದರ ಮೇಲ್ಮಿತಿ, ಡೀಸೆಲ್ಲಿನ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವುದು ವಿದ್ಯುತ್ ಮೋಟಾರಲ್ಲ, ಎಣ್ಣೆಯ ಹೈಡ್ರಾಲಿಕ್ ಏರ್ಪಾಡು. ಡ್ರೈವರನಿಗೆ ಒಂದೇ ಕ್ಯಾಬು, ಅದರ ಮುಂದೆ ಉದ್ದನೆಯ ಮೂತಿ. ಆ ಮೂತಿ ಮುಂದಾಗಿ ಹೊರಟರೆ ಡ್ರೈವರ್ ಪಕ್ಕದ ಕಿಟಕಿಯಿಂದ ಇಣುಕಿ ಹಳಿ ನೋಡಬೇಕು. 2008–09ರಲ್ಲಿ ಮುಂಬೈನ ಪರೇಲ್ ಕಾರ್ಖಾನೆಯಲ್ಲಿ ಕಟ್ಟಿದ ಹೊಸ ಆರು ಎಂಜಿನ್‌ಗಳಿಗೆ ಎರಡು ತುದಿಗೂ ಕ್ಯಾಬು ಕೊಟ್ಟಿದ್ದು ಈ ಇಣುಕಾಟ ತಪ್ಪಲಿ ಅಂತಲೇ. ನಿಮ್ಮ ಮನೆಯ ಶಿಮ್ಲಾ ಫೋಟೋದಲ್ಲಿ ಎಂಜಿನ್ನಿಗೆ ಹಿಂದೂ ಮುಂದೂ ಮುಖವಿದ್ದರೆ ಅದು ಈಚಿನದು.

ನಮ್ಮ ಫೋಟೋದಲ್ಲಿ ಉದ್ದ ಮೂತಿ, ಅದರ ಹಿಂದಿನಿಂದ ಎರಡು ಕಿವಿಯ ಹಾಗೆ ಇಣುಕುವ ಕ್ಯಾಬಿನ ಕಿಟಕಿ. ಹಾಗಾಗಿ ಕೀಲಿನ ಮೈಯ ಜೆಡ್‌ಡಿಎಂ-1 ಅಲ್ಲ. ಎರಡೋ ಮೂರೋ? 1982ರಲ್ಲಿ ಎರಡೂ ಇದ್ದಿರಬಹುದು, ಎರಡರ ಬಲವೂ 700 ಅಶ್ವಶಕ್ತಿ, ಎದುರಿನಿಂದ ನೋಡಿದರೆ ಅಣ್ಣತಮ್ಮಂದಿರ ಹಾಗೆ. ಮೂತಿಯ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಜೆಡ್‌ಡಿಎಂ ಅಕ್ಷರಗಳು ಭೂತಗನ್ನಡಿಯಲ್ಲಿ ಕಂಡವು. ಅದರ ಪಕ್ಕದ ಅಂಕಿಯ ಅರ್ಧ ಭಾಗವನ್ನು ಹುಡುಗನ ಮಂಕಿ ಕ್ಯಾಪಿನ ಕುಚ್ಚು ನುಂಗಿಬಿಟ್ಟಿತ್ತು. ಕಾಣುವುದು ಮೇಲಿನ ಕಮಾನು ಮಾತ್ರ. 2 ಬರೆದು ನೋಡಿ, 3 ಬರೆದು ನೋಡಿ, ಎರಡರ ಕೆಳಭಾಗಕ್ಕೂ ಬೆರಳು ಮುಚ್ಚಿ ನೋಡಿ. ಮೇಲೆ ಉಳಿಯುವುದು ಅದೇ ಕಮಾನು! ಹಠಮಾರಿ ಹುಡುಗ, ಆಗಲೂ ಹಾಗೇ ಇದ್ದ.

ಆಗ ನೆಗೆಟಿವ್ ನೆನಪಾಯಿತು. ಲ್ಯಾಪ್‌ಟಾಪಿನ ಪರದೆಯನ್ನು ಪೂರ್ತಿ ಬಿಳಿ ಮಾಡಿ ಅದರ ಮೇಲೆ ಪಟ್ಟಿ ಇಟ್ಟು, ಮೊಬೈಲಿನಲ್ಲಿ ಫೋಟೋ ತೆಗೆದು, ಬಣ್ಣ ತಿರುವು ಮಾಡಿದೆ. ಸ್ಕ್ಯಾನರು ಇಲ್ಲದ ಮನೆಯಲ್ಲಿ ಇದೇ ಸ್ಕ್ಯಾನರು. ಪಟ್ಟಿಯಲ್ಲಿ ಆಲ್ಬಮ್ಮಿನ ಫೋಟೋದ ಪಕ್ಕದ ಚೌಕ ಅದೇ ಜಾಗದ್ದು, ಅರ್ಧ ನಿಮಿಷ ಆಚೀಚೆ ತೆಗೆದದ್ದು. ಹುಡುಗ ಟ್ರಂಕಿನಿಂದ ಜಾರಿ ಕೆಳಗಿಳಿದಿದ್ದಾನೆ, ಬಾಯಿ ಅಗಲಿಸಿ ಅಳುತ್ತಿದ್ದಾನೆ, ಕೈ ಆಡಿಸಿ ಮಸುಕಾಗಿದ್ದಾನೆ. ಕೆಟ್ಟ ಫೋಟೋ ಅಂತ ಪ್ರಿಂಟು ಹಾಕಿಸಿಲ್ಲ. ಪ್ರಿಂಟಿಗೂ ಕಾಸು ಬೇಕಲ್ಲ. ಆದರೆ ಎಂಜಿನ್ನಿನ ಮೂತಿಗೆ ಅಡ್ಡ ಬಂದಿದ್ದ ತಲೆ ಈಗಿಲ್ಲ. ಅಂಕಿ ನಿಚ್ಚಳ, 3.

ಜೆಡ್‌ಡಿಎಂ-3. ಅತ್ತೆಗೆ ಸಾರಿದೆ: “ಶಿಮ್ಲಾ ರೈಲಿನ ಎಂಜಿನ್ನೇ ಅತ್ತೆ. ನೀವು ಬರೆದದ್ದು ಸರಿ.” ಅತ್ತೆ ಸೊಪ್ಪು ಸೋಸುತ್ತಿದ್ದವರು ತಲೆಯೆತ್ತದೆ, “ನಾನೇ ಹೋಗಿದ್ದೆ, ನನಗೆ ಗೊತ್ತಿಲ್ಲವಾ” ಅಂದರು.

ಜಂಭ ಕೊಚ್ಚಿಕೊಳ್ಳಲು ಇನ್ನೊಬ್ಬರು ಬೇಕಿತ್ತು. ಹುಬ್ಬಳ್ಳಿಯಲ್ಲಿ ನನಗೊಬ್ಬರು ಹಿರಿಯ ಗೆಳೆಯರಿದ್ದಾರೆ. ಸ್ಟೀಮ್ ಎಂಜಿನ್ನಿಗೆ ಕಲ್ಲಿದ್ದಲು ತುಂಬುವುದರಿಂದ ಶುರುಮಾಡಿ ಮೀಟರ್ ಗೇಜಿನ ಡೀಸೆಲ್ಲು, ಬ್ರಾಡ್‌ಗೇಜಿನ ಡೀಸೆಲ್ಲು ಎಲ್ಲ ಓಡಿಸಿ ರಿಟೈರಾದವರು. ಅವರಿಗೆ ಎರಡೂ ಫೋಟೋ ಕಳಿಸಿ ನನ್ನ ತೀರ್ಪನ್ನೂ ಬರೆದೆ. ಹತ್ತು ನಿಮಿಷದಲ್ಲಿ ಫೋನು ಬಂತು.

“ಎಂಜಿನ್ ಬರೋಬ್ಬರಿ ಅದ. ಊರು ಯಾರು ಹೇಳ್ಯಾರ?”

“ಹಿಂದೆ ಬರೆದಿದೆಯಲ್ಲ ಸರ್.”

“ಬರ್ದಿದ್ದೆಲ್ಲ ಖರೆ ಆದ್ರ ಟೈಮ್ ಟೇಬಲ್ಲೂ ಖರೆ ಆಗ್ಬೇಕಲ್ರೀ. ಇದೇ ಎಂಜಿನ್ ಕಾಂಗ್ಡಾ ಲೈನ್ಯಾಗೂ ಓಡತಾವ. ಎಂಜಿನ್ ಬಿಡ್ರೀ, ಸುತ್ತಲ ನೋಡ್ರೀ.”

ನನಗೆ ಸುತ್ತಲೂ ಬರೀ ಬಿಳಿ ಕಾಣುತ್ತಿತ್ತು. ಆದರೆ ಕಾಂಗ್ಡಾ ಅಂದ ಕೂಡಲೇ ಎದೆ ಧಸಕ್ಕೆಂದಿತು. ಮಾವ ಇದ್ದದ್ದು ಪಠಾಣ್‌ಕೋಟಿನಲ್ಲಿ. ಕಾಂಗ್ಡಾ ಕಣಿವೆಯ ರೈಲು ಹೊರಡುವುದೇ ಪಠಾಣ್‌ಕೋಟಿನಿಂದ! ಅದೂ ಎರಡೂವರೆ ಅಡಿ ಹಳಿ, ಅದೂ ಉತ್ತರ ರೈಲ್ವೆ. ಶಿಮ್ಲಾಕ್ಕೆ ಹೋಗಬೇಕಾದರೆ ಮಾವ ಹರಿಯಾಣದ ಕಾಲ್ಕಾದವರೆಗೆ ಹೋಗಿ ಅಲ್ಲಿಂದ ಚಿಕ್ಕ ರೈಲು ಹತ್ತಬೇಕು. ಕಾಂಗ್ಡಾಕ್ಕಾದರೆ ಕ್ವಾರ್ಟರ್ಸಿನಿಂದ ಟಾಂಗಾದಲ್ಲಿ ಸ್ಟೇಷನ್ನಿಗೆ ಬಂದರೆ ಆಯಿತು.

ಇನ್ನು ಕೇಳಬೇಕಾದದ್ದು ಅತ್ತೆಯನ್ನು. ಆದರೆ “ಅದು ಶಿಮ್ಲಾ ಅಲ್ಲವೇನೋ” ಅಂದರೆ ಮಾತೇ ಮುಗಿಯುತ್ತದೆ. ರಾತ್ರಿ ಊಟಕ್ಕೆ ಕೂತಾಗ ಬೇರೆ ಕಡೆಯಿಂದ ಶುರುಮಾಡಿದೆ.

“ಸುರಂಗದೊಳಗೆ ಹೋಗುವಾಗ ಇವನು ಹೆದರಲಿಲ್ಲವಾ ಅತ್ತೆ?”

“ಯಾವ ಸುರಂಗ?”

“ರೈಲು ಕತ್ತಲೆಯೊಳಗೆ ನುಗ್ಗುತ್ತಿತ್ತಲ್ಲ.”

“ಇತ್ತೇನೋ ಒಂದೋ ಎರಡೋ. ನೆನಪಿಲ್ಲ ಕಣೋ. ಮಜ್ಜಿಗೆ ಹಾಕಿಕೋ.”

ಕಾಲ್ಕಾ–ಶಿಮ್ಲಾ ಲೈನಿನಲ್ಲಿ ಸುರಂಗಗಳಿಗೆ 103ರವರೆಗೆ ನಂಬರು ಹಾಕಿದ್ದಾರೆ, 102 ಬಳಕೆಯಲ್ಲಿವೆ. ಒಟ್ಟು ದಾರಿ 96 ಕಿಲೋಮೀಟರ್. ಅಂದರೆ ಕಿಲೋಮೀಟರಿಗೊಂದು ಕತ್ತಲೆ. ಬಡೋಗ್ ಸ್ಟೇಷನ್ನಿನ ಪಕ್ಕದ 33ನೇ ಸುರಂಗವಂತೂ ಒಂದು ಕಿಲೋಮೀಟರಿಗಿಂತ ಉದ್ದ, 1,143 ಮೀಟರ್. ಪ್ರತಿ ಸುರಂಗಕ್ಕೂ ಹುಡುಗರು ಹೋ ಅಂತ ಕೂಗುತ್ತಾರೆ, ಪ್ರತಿ ಸುರಂಗಕ್ಕೂ ಚಿಕ್ಕ ಮಕ್ಕಳು ಅಮ್ಮನ ಸೆರಗಿಗೆ ಮುಖ ಹುದುಗಿಸುತ್ತವೆ. ನಾಲ್ಕು ವರ್ಷದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಆ ನೂರು ಕತ್ತಲೆ ದಾಟಿದ ತಾಯಿ ಅದನ್ನು ಮರೆಯುವುದು ಸಾಧ್ಯವೇ? ಕಾಂಗ್ಡಾ ಲೈನಿನಲ್ಲಿ ಸುರಂಗ ಎಷ್ಟು ಅಂದರೆ ಎರಡು. 164 ಕಿಲೋಮೀಟರಿಗೆ ಎರಡೇ. ಬೆಟ್ಟಕ್ಕೆ ತೂತು ಕೊರೆಯುವ ಬದಲು ಬೆಟ್ಟದ ಬುಡ ಬಳಸಿ, ಅಡ್ಡ ಬಂದ ಹಳ್ಳಕ್ಕೆಲ್ಲ ಸೇತುವೆ ಹಾಕಿ ಸಾಗಿದ ದಾರಿ ಅದು. ಸೇತುವೆಗಳೇ 900ಕ್ಕೂ ಹೆಚ್ಚು.

“ಸೇತುವೆ?”

ಅತ್ತೆಯ ಮುಖ ಅರಳಿತು. “ಅಯ್ಯೋ, ಸೇತುವೆ ಕೇಳಬೇಡ. ಮುಗೀತು ಅನ್ನೋಷ್ಟರಲ್ಲಿ ಇನ್ನೊಂದು. ಕೆಳಗೆ ಹೊಳೇಲಿ ನೀರೇ ಕಾಣೋದಿಲ್ಲ, ಬರೀ ಕಲ್ಲು. ರುಬ್ಬೋ ಗುಂಡಿನ ಹಾಗೆ ನುಣ್ಣಗೆ, ಆದರೆ ಒಂದೊಂದೂ ಮನೆಯಷ್ಟು. ಇಷ್ಟು ಕಲ್ಲು ಯಾರು ಉರುಳಿಸಿದರೋ ಅಂತ ನಿಮ್ಮ ಮಾವನ್ನ ಕೇಳಿದ್ದೆ.”

ಧೌಲಾಧಾರ್ ಪರ್ವತದಿಂದ ಇಳಿಯುವ ಹೊಳೆಗಳು ಉರುಳಿಸಿಕೊಂಡು ಬಂದ ಕಲ್ಲುಗಳವು. ಕಾಂಗ್ಡಾ ಕಣಿವೆಗೆ ಹೋದವರೆಲ್ಲ ಮೊದಲು ಹೇಳುವುದು ಈ ಕಲ್ಲುಗಳ ಮಾತನ್ನೇ.

ಅತ್ತೆ ಈಗ ಕೇಳದೆಯೇ ಹೇಳತೊಡಗಿದರು. “ಆಮೇಲೆ ಆ ನೀರು. ರೈಲಿನ ಪಕ್ಕಕ್ಕೇ ಸಮುದ್ರದ ಹಾಗೆ ನೀರು ಕಾಣ್ತಿತ್ತು. ಶಿಮ್ಲಾದಲ್ಲಿ ಅಷ್ಟು ದೊಡ್ಡ ಕೆರೆ ಇದೆ ಅಂತ ಯಾರೂ ಹೇಳೋದೇ ಇಲ್ಲ ನೋಡು.”

ಯಾರೂ ಹೇಳುವುದಿಲ್ಲ, ಯಾಕೆಂದರೆ ಶಿಮ್ಲಾ ದಾರಿಯಲ್ಲಿ ಅಂಥ ನೀರಿಲ್ಲ. ಅತ್ತೆ ಕಂಡದ್ದು ಬಿಯಾಸ್ ನದಿಗೆ ಕಟ್ಟಿದ ಪೋಂಗ್ ಅಣೆಕಟ್ಟೆಯ ಹಿನ್ನೀರು, ಮಹಾರಾಣಾ ಪ್ರತಾಪ ಸಾಗರ ಅಂತ ಅದರ ಈಗಿನ ಹೆಸರು. ಅಣೆಕಟ್ಟೆ ಮುಗಿದದ್ದು 1974ರಲ್ಲಿ. ಕಾಂಗ್ಡಾ ರೈಲಿನ ಹಳೆಯ ದಾರಿಯ ಒಂದು ತುಂಡು ಮುಳುಗಡೆಗೆ ಹೋಯಿತು. 1973ರಲ್ಲಿ ಆ ಭಾಗದ ಓಡಾಟ ನಿಂತು, ದಂಡೆಯ ಮೇಲ್ಗಡೆ ಹೊಸ ಹಳಿ ಹಾಕಿ ಮತ್ತೆ ಶುರುವಾದದ್ದು 1976ರ ಕೊನೆಗೆ. ಆದ್ದರಿಂದ ರೈಲಿನ ಕಿಟಕಿಯಿಂದ ಆ ನೀರು ನೋಡಿದವರು 1976ರ ನಂತರದವರು. ನಾನು ಇಡೀ ಸಂಜೆ ಭೂತಗನ್ನಡಿ ಹಿಡಿದು ಎಂಜಿನ್ನಿನಿಂದ ಕಿತ್ತುಕೊಂಡದ್ದು ‘1970ರ ನಂತರ’ ಅನ್ನುವಷ್ಟನ್ನೇ. ಅತ್ತೆ ಮಜ್ಜಿಗೆ ಬಡಿಸುತ್ತಾ ಅದಕ್ಕಿಂತ ಹೆಚ್ಚು ಹೇಳಿಬಿಟ್ಟಿದ್ದರು, ಅದೂ ತಾವು ಹೋದ ಊರಿನ ಹೆಸರನ್ನೇ ತಪ್ಪು ಹೇಳಿಕೊಂಡು.

ಕಾಂಗ್ಡಾ ಲೈನಿಗೆ ಹೀಗೆ ಕಿತ್ತು ಹಾಕಿಸಿಕೊಳ್ಳುವುದು ಹೊಸದೇನಲ್ಲ. 1929ರಲ್ಲಿ ಪ್ರಯಾಣಿಕರಿಗೆ ತೆರೆದ ಈ ಲೈನನ್ನು ಕಟ್ಟಿದ್ದು ಪ್ರವಾಸಿಗರ ಚಂದಕ್ಕಲ್ಲ. ಜೋಗಿಂದರ್ ನಗರದ ಹತ್ತಿರ ಶಾನನ್ ಜಲವಿದ್ಯುತ್ ಕೇಂದ್ರ ಕಟ್ಟಬೇಕಿತ್ತು, ಅದರ ಭಾರದ ಯಂತ್ರಗಳನ್ನು ಬೆಟ್ಟದ ಬುಡಕ್ಕೆ ಸಾಗಿಸಬೇಕಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಕಬ್ಬಿಣಕ್ಕೆ ಬರ ಬಂದಾಗ ಸರ್ಕಾರ ನಗ್ರೋಟಾದಿಂದ ಮೇಲಿನ ಹಳಿಯನ್ನೇ ಕಿತ್ತುಕೊಂಡು ಹೋಯಿತು. ಮತ್ತೆ ಹಾಸಿದ್ದು 1954ರಲ್ಲಿ. ಶಿಮ್ಲಾ ಲೈನು ವೈಸರಾಯರನ್ನು ಹೊತ್ತದ್ದು, ಯುನೆಸ್ಕೋ ಪಟ್ಟಿ ಸೇರಿದ್ದು, ಸಿನಿಮಾಗಳಲ್ಲಿ ಮಿಂಚಿದ್ದು. ಕಾಂಗ್ಡಾ ಲೈನು ಹಾಲಿನ ಕ್ಯಾನು, ಶಾಲೆ ಮಕ್ಕಳು, ಜ್ವಾಲಾಮುಖಿಗೆ ಹೊರಟ ಭಕ್ತರನ್ನು ಹೊತ್ತುಕೊಂಡು ಇಡೀ ದಿನ ತೆವಳುವಂಥದು. 2022ರ ಆಗಸ್ಟಿನ ಮಳೆಯಲ್ಲಿ ಪಠಾಣ್‌ಕೋಟಿನ ಬಳಿ ಚಕ್ಕಿ ನದಿಯ ಸೇತುವೆ ಕುಸಿದಾಗ ದೆಹಲಿಯ ಟಿವಿಗಳಲ್ಲಿ ಒಂದು ದಿನ ಕಾಣಿಸಿತು, ಅಷ್ಟೆ. ನನಗಂತೂ ಎರಡರಲ್ಲಿ ಒಂದನ್ನು ಆರಿಸು ಅಂದರೆ ಎರಡನೆಯದೇ ಇಷ್ಟ. ಬೆಟ್ಟದೊಳಕ್ಕೆ ನುಗ್ಗದೆ, ಬೆಟ್ಟವನ್ನು ನೋಡುತ್ತಾ ಹೋಗುವ ರೈಲು.

ಮಾತು ದೇವಸ್ಥಾನಕ್ಕೆ ಹೊರಳಿತು. ಆ ಪ್ರವಾಸಕ್ಕೆ ಮಾವನ ತಾಯಿಯೂ ಊರಿನಿಂದ ಬಂದಿದ್ದರಂತೆ, ಮಂಡಿನೋವು. ರೈಲಿಳಿದು ಸ್ವಲ್ಪ ದೂರದಲ್ಲಿ ಕಲ್ಲಿನ ಹಳೇ ಈಶ್ವರನ ಗುಡಿ, ಒಳ್ಳೇ ಕೆತ್ತನೆ. “ವೈದ್ಯನಾಥ ಅಂತ ಸ್ವಾಮಿ ಹೆಸರು. ಹೆಸರು ಕೇಳಿ ನಮ್ಮತ್ತೆ ಅಲ್ಲೇ ಅರ್ಧ ಗುಣ ಆದೆ ಅಂದರು.” ಅದು ಬೈಜನಾಥ. ಹದಿಮೂರನೇ ಶತಮಾನದ ಆರಂಭದ ಗುಡಿ, ಬೈಜನಾಥ ಅನ್ನುವುದೇ ವೈದ್ಯನಾಥದ ಆ ಕಡೆಯ ಉಚ್ಚಾರ. ಬೈಜನಾಥ ಪಪರೋಲ ಅಂತ ಕಾಂಗ್ಡಾ ಲೈನಿನಲ್ಲಿ ಒಂದು ಸ್ಟೇಷನ್ನೇ ಇದೆ. ಫೋಟೋ ತೆಗೆದದ್ದು ಅಲ್ಲಿಯೋ, ಮುಂದೆ ಲೈನು ಮುಗಿಯುವ ಜೋಗಿಂದರ್ ನಗರದಲ್ಲಿಯೋ, ಆ ಹಠಕ್ಕೆ ನಾನು ಬೀಳಲಿಲ್ಲ.

ಮರುದಿನ ಬೆಳಿಗ್ಗೆ ನೆಗೆಟಿವ್ ಪಟ್ಟಿಯನ್ನು ಮತ್ತೆ ತೆಗೆದೆ. ಈ ಸಲ ಲ್ಯಾಪ್‌ಟಾಪು ಬೇಡ ಅನ್ನಿಸಿ ಅಡುಗೆಮನೆಯ ಪೂರ್ವದ ಕಿಟಕಿಗೆ ಹಿಡಿದೆ. ನೆಗೆಟಿವ್‌ನಲ್ಲಿ ಬೆಳಕೆಲ್ಲ ಕಪ್ಪು, ಕಪ್ಪೆಲ್ಲ ಬೆಳಕು. ಅಳುವ ಹುಡುಗನ ಬಾಯಿ ಬಿಳಿ ಚುಕ್ಕೆ. ಅವನ ಹಿಂದಿನ ಎಂಜಿನ್ನು ಗಾಜಿನಿಂದ ಮಾಡಿದ ಹಾಗೆ ತಿಳಿ. ಅದರ ಮೇಲೆ ಆಕಾಶವಿರಬೇಕಾದ ಕಡೆ ದಟ್ಟ ಕಪ್ಪು. ಆ ಕಪ್ಪಿನೊಳಗೆ, ಎಂಜಿನ್ನಿನ ತಲೆಯಿಂದ ಎಷ್ಟೋ ಎತ್ತರದಲ್ಲಿ, ಇನ್ನೂ ಒಂದು ಪಟ್ಟು ಕಪ್ಪಾದ ಗರಗಸದ ಹಲ್ಲು ಈ ಅಂಚಿನಿಂದ ಆ ಅಂಚಿನವರೆಗೆ ಹರಿದಿತ್ತು. ಮೇ ತಿಂಗಳಲ್ಲೂ ಕರಗದ ಹಿಮದ ಗೋಡೆ, ಧೌಲಾಧಾರ್. ಅಗ್ಗದ ಕಾಗದದ ಮೇಲೆ ಪ್ರಿಂಟು ಹಾಕುವಾಗ ಸ್ಟುಡಿಯೋದವನ ಕೈಯಲ್ಲಿ ಹಿಮವೂ ಆಕಾಶವೂ ಸೇರಿ ಒಂದೇ ಬಿಳಿಯಾಗಿತ್ತು. ಹಿಂದಿನ ಸಂಜೆ ಇದೇ ಚೌಕವನ್ನು ಇದೇ ಕಣ್ಣಿನಿಂದ ನೋಡಿದ್ದೆ. ಒಂದು ಅಂಕಿ ಹುಡುಕುವ ಆತುರದಲ್ಲಿ ಒಂದು ಪರ್ವತಶ್ರೇಣಿ ಕಾಣದೆ ಹೋಗಿತ್ತು.

ಹುಬ್ಬಳ್ಳಿಗೆ ಕಳಿಸಿದೆ. “ಈಗ ಬಂದ್ರಿ ನೋಡ್ರೀ ಸ್ಟೇಷನ್ನಿಗೆ” ಅಂತ ಉತ್ತರ ಬಂತು.

ಅತ್ತೆಗೆ ಹೇಳುವುದು ಹೇಗೆ? ನಲವತ್ತು ವರ್ಷ ಅವರು ಶಿಮ್ಲಾ ನೋಡಿದವರು. ಶಿಮ್ಲಾ ಸೇಬಿನ ಮಾತು ಬಂದರೆ, ಟಿವಿಯಲ್ಲಿ ಹಿಮ ಬಿದ್ದರೆ, ಯಾರಾದರೂ ಹನಿಮೂನಿಗೆ ಹೊರಟರೆ, “ನಾವು ಆಗಲೇ ಹೋಗಿದ್ವಿ” ಅಂದವರು. ಆದರೂ ಹೇಳಿದೆ. ಸುರಂಗದ ಲೆಕ್ಕ, ಹೊಳೆಯ ಕಲ್ಲು, ಪೋಂಗಿನ ನೀರು, ವೈದ್ಯನಾಥ, ಕೊನೆಗೆ ಕಿಟಕಿಯ ಬೆಳಕಿಗೆ ನೆಗೆಟಿವ್ ಹಿಡಿದು ಹಿಮದ ಗೆರೆ. ಅತ್ತೆ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಅವರು ನೋಡುತ್ತಿದ್ದದ್ದು ಬೆಟ್ಟವನ್ನಲ್ಲ, ಅಳುತ್ತಿದ್ದ ಹುಡುಗನನ್ನು.

“ಹಾಗಾದರೆ ನಾನು ಶಿಮ್ಲಾ ನೋಡೇ ಇಲ್ಲವಾ?”

ನಾನು ಸುಮ್ಮನಿದ್ದೆ.

“ನಿಮ್ಮ ಮಾವ ಶಿಮ್ಲಾಕ್ಕೇ ಕರ್ಕೊಂಡು ಹೋಗ್ತೀನಿ ಅಂದಿದ್ದರು. ರಜೆ ಸಿಕ್ಕಿದ್ದು ನಾಲ್ಕೇ ದಿನ. ಇದೂ ಹಿಮಾಚಲವೇ, ಇದೂ ಬೆಟ್ಟವೇ, ಇದೂ ಚಿಕ್ಕ ರೈಲೇ, ಶಿಮ್ಲಾ ಅಂದುಕೋ ಅಂದರು.” ನೆಗೆಟಿವ್‌ಅನ್ನು ಜೋಪಾನವಾಗಿ ಕವರಿಗೆ ಹಾಕಿದರು. “ಅಂದುಕೊಂಡೆ.”

ಹೆಂಚಿನವರು ಬಂದು ಬಾಗಿಲು ತಟ್ಟಿದರು. ಅತ್ತೆ ಎದ್ದು ಹೋಗಿ ಅವರಿಗೆ ಏಣಿ ತೋರಿಸಿ ವಾಪಸು ಬಂದರು. ನಾನು ಟ್ರಂಕಿನ ಚಿಲಕ ಹಾಕಿ ಪಡಸಾಲೆಯ ಮೂಲೆಗೆ ತಳ್ಳುತ್ತಿದ್ದೆ.

“ಅದನ್ನು ಮತ್ತೆ ಅಟ್ಟಕ್ಕೆ ಹತ್ತಿಸಬೇಡ” ಅಂದರು. “ಆ ಮೆರೂನ್ ಸ್ವೆಟರು ನುಸಿ ತಿಂದಿದೆಯಾ, ಚೆನ್ನಾಗಿದೆಯಾ, ತೆಗೆದು ಬಿಸಿಲಿಗೆ ಹಾಕು.”